ಹುಲಿ ಹೊಡೆದ ಕೋವಿಗೆ ಎಷ್ಟು ಕೊಡಬಹುದು?

ಮಲೆನಾಡಿನಲ್ಲಿ ಮಾರಾಟಕ್ಕೆ ಬಂದ ಕೇಪಿನ ಕೋವಿಗಳಲ್ಲಿ ಹುಲಿ ಹೊಡೆಯದ ಕೋವಿಯನ್ನು ನಾನಿನ್ನೂ ನೋಡಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರದ ಅಟ್ಟಗಳಿಂದ ಇಳಿದ ಕೋವಿಗಳು ಕೆಡವಿದ ಹುಲಿಗಳನ್ನೆಲ್ಲ ಸಾಲಾಗಿ ಮಲಗಿಸಿದರೆ ಆಗುಂಬೆ ಘಾಟಿಯಲ್ಲಿ ಬಸ್ಸು ಹೋಗಲು ಜಾಗ ಇರುವುದಿಲ್ಲ. ಇನ್ನೊಂದು ವಿಶೇಷ ಗಮನಿಸಿ. ಈ ಹುಲಿ ಯಾವತ್ತೂ 1972ಕ್ಕೆ ಮೊದಲೇ ಸತ್ತಿರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಹಿಂದಿನ ವರ್ಷವೋ, ಅದರ ಹಿಂದಿನ ವರ್ಷವೋ, ಅಜ್ಜ ಕೊಟ್ಟಿಗೆ ಹಿಂದೆ ಕೂತು ಒಂದೇ ಈಡಿಗೆ ಮಲಗಿಸಿರುತ್ತಾರೆ. ಕಾಯ್ದೆ ಬಂದ ಮರುದಿನದಿಂದ ಅದೇ ಅಜ್ಜ, ಅದೇ ಕೋವಿ, ಮಂಗ ಓಡಿಸಲು ಆಕಾಶಕ್ಕೆ ಒಂದು ಈಡು ಬಿಟ್ಟದ್ದು ಬಿಟ್ಟರೆ ಮತ್ತೊಂದು ಪಾಪ ಮಾಡಿದವರಲ್ಲ. ಇಷ್ಟು ಕರಾರುವಾಕ್ಕಾಗಿ ಕಾನೂನು ಪಾಲಿಸಿದ ತಲೆಮಾರು ಈ ದೇಶದಲ್ಲಿ ಇನ್ನೊಂದಿಲ್ಲ.

ಹಳೆ ಕೋವಿಯ ನ್ಯಾಯವಾದ ಬೆಲೆ ಎಷ್ಟು ಎಂದು ಲೆಕ್ಕ ಹಾಕುವವರು ಮೊದಲು ತೀರ್ಮಾನಿಸಬೇಕಾದದ್ದು ಈ ಹುಲಿಗೆ ಎಷ್ಟು ಕೊಡಬೇಕು ಎಂಬುದನ್ನು. ನನ್ನ ಮಟ್ಟಿಗೆ ಅದರ ಬೆಲೆ ಒಂದು ಲೋಟ ಕಾಫಿ. ಅದನ್ನೂ ಮಾರುವವರೇ ಕೊಡಬೇಕು, ಅಷ್ಟು ಹೊತ್ತು ಕೂತು ಕೇಳಿದ್ದಕ್ಕೆ.

ನಮ್ಮ ಭಾವ ಇದನ್ನು ಒಪ್ಪುವವರಲ್ಲ. ಅವರ ಮನೆಯ ಹಳೆ ಕೋವಿಯ ನಳಿಗೆ ಕೈಕೊಟ್ಟಿತ್ತು. ಬೆಳೆ ರಕ್ಷಣೆಯ ಲೈಸೆನ್ಸು ಮಾತ್ರ ಪೆಟ್ಟಿಗೆಯಲ್ಲಿ ಗಟ್ಟಿಯಾಗಿತ್ತು. ಹೊಸ ಒಂಟಿ ನಳಿಗೆಯದನ್ನು ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ತೆಗೆದುಕೊಳ್ಳಿ ಎಂದರೆ, "ಹೊಸದರಲ್ಲಿ ಎಂತ ಉಂಟು ಮಾರಾಯ? ಹಳೆ ಕಬ್ಬಿಣದ ಗತ್ತೇ ಬೇರೆ" ಅಂದರು. ಕಬ್ಬಿಣಕ್ಕೆ ಗತ್ತು ಕಂಡವರ ಜೊತೆ ವ್ಯಾಪಾರಕ್ಕೆ ಹೋಗುವುದು ಎಂಥ ಕಷ್ಟ ಅಂತ ಹೋದವರಿಗೇ ಗೊತ್ತು. ಮಾರುವವರು ಬಾಗಿಲು ತೆಗೆಯುವ ಮೊದಲೇ ಭಾವನ ಕಣ್ಣು ಬೆಲೆ ಏರಿಸಿಬಿಟ್ಟಿರುತ್ತದೆ. ದನದ ಜಾತ್ರೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕಟ್ಟುತ್ತಾರಲ್ಲ, ಅಂಥ ಮುಖ ಬೇಕು ಇದಕ್ಕೆ. ನಮ್ಮವರದ್ದು ಟವೆಲ್ಲು ಹಾಸಿ ಕೂರುವ ಮುಖ.

ಹಾಗೆ ನೋಡಿದರೆ ಈ ವ್ಯಾಪಾರದಲ್ಲಿ ಮೇಲುಗೈ ಇರಬೇಕಾದದ್ದು ಕೊಳ್ಳುವವನಿಗೇ. ಯಾಕೆ ಹೇಳಿ? ಕೋವಿಗಿಂತ ಕೊಳ್ಳಬಲ್ಲವನು ಅಪರೂಪ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಮನುಷ್ಯನಿಗೆ ಕೊಡುವಂಥದ್ದು, ಕೋವಿಗಲ್ಲ. "ಲೈಸೆನ್ಸ್ ಸಮೇತ ಕೊಡ್ತೇವೆ" ಎನ್ನುವವರು ಇನ್ನೂ ಇದ್ದಾರೆ. ಅದು ಅಪ್ಪನ ಪಿಂಚಣಿ ಸಮೇತ ಮನೆ ಮಾರುತ್ತೇವೆ ಅಂದ ಲೆಕ್ಕ. ಅಜ್ಜ ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸು ಇರುವ ಡೀಲರ್ ಹತ್ತಿರವೋ ಇಡಬೇಕು. ಡೀಲರ್ ಅಂಗಡಿಯಲ್ಲಿಟ್ಟರೆ ಬಾಡಿಗೆ ಬೇರೆ. ಮಗ ಬೆಂಗಳೂರಿನಲ್ಲಿ, ಮೊಮ್ಮಗನಿಗೆ ಕೋವಿಯ ಬಾಯಿ ಯಾವುದು ಬುಡ ಯಾವುದು ಗೊತ್ತಿಲ್ಲ, ಲೈಸೆನ್ಸಿಗೆ ಅರ್ಜಿ ಹಾಕಿ ಅಲೆಯುವ ಪುರುಸೊತ್ತು ಯಾರಿಗೂ ಇಲ್ಲ. ಹೀಗಿರುವಾಗ ಕಾಗದ ಪತ್ರ ಸರಿಯಿರುವ, ಲೈಸೆನ್ಸಿಗೆ ಯುಐಎನ್ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಂಡ, ಹೆಸರಿನಲ್ಲಿ ಇನ್ನೊಂದಕ್ಕೆ ಅವಕಾಶ ಇರುವ ಗಿರಾಕಿ ಎಂದರೆ ಇಡೀ ತಾಲೂಕಿನಲ್ಲಿ ಬೆರಳೆಣಿಕೆಯ ಜನ. 2019ರ ತಿದ್ದುಪಡಿ ಬಂದ ಮೇಲಂತೂ ಒಬ್ಬರ ಹೆಸರಿನಲ್ಲಿ ಮೂರಿದ್ದದ್ದು ಎರಡಕ್ಕೆ ಇಳಿದು, ಮೂರನೆಯದನ್ನು ಇಳಿಸಬೇಕಾದವರೂ ಮಾರುವವರ ಸಾಲಿಗೆ ಸೇರಿದರು. ಭಾವನಂಥವರು ಚಪ್ಪಲಿ ಕಳಚಿ ಒಳಗೆ ಹೋದರೆ ಮಾರುವವರು ಎದ್ದು ನಿಲ್ಲಬೇಕು. ನಮ್ಮ ಭಾವ ತಾವೇ ಎದ್ದು ನಿಂತು ಕೋವಿಗೆ ಕೈ ಮುಗಿದರು.

ಕೋವಿ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ನಮಸ್ಕಾರವಲ್ಲ, ಖಾಲಿ ಇದೆಯೋ ಎಂದು ನೋಡುವುದು. ತೋಟಾ ಕೋವಿಯಾದರೆ ನಡು ಮುರಿದು ನಳಿಗೆಯಲ್ಲಿ ಕಣ್ಣಿಟ್ಟರೆ ಆಚೆಯ ಬೆಳಕು ಕಾಣುತ್ತದೆ. ಕೇಪಿನ ಕೋವಿಗೆ ಆ ಸೌಕರ್ಯವಿಲ್ಲ, ಬುಡ ಮುಚ್ಚಿರುತ್ತದೆ. ಬಾಯಿಯಿಂದ ಇಣುಕಿದರೆ ಕತ್ತಲೆ ಮಾತ್ರ ಕಾಣುತ್ತದೆ, ಗ್ರಹಚಾರ ಕೆಟ್ಟಿದ್ದರೆ ಅದೇ ಕೊನೆಯ ನೋಟ. ನಾನು ಕೇಳಿದೆ, "ಖಾಲಿ ಉಂಟಾ?" ಕೋವಿ ಮಾರುವ ಮನೆಯ ಯಜಮಾನರು ಅಂದರು, "ಅಪ್ಪ ತೀರಿಕೊಂಡ ಮೇಲೆ ಯಾರೂ ಮುಟ್ಟಿದ್ದಿಲ್ಲ ಮಾರಾಯ್ರೇ!" ಯಾರೂ ಮುಟ್ಟಿಲ್ಲ ಅಂದರೆ ಯಾರೂ ಖಾಲಿ ಮಾಡಿಲ್ಲ ಅಂತಲೂ ಆಯಿತಲ್ಲ. ಕರಿಮದ್ದು ಒಣಗಿದ್ದರೆ ಎಷ್ಟೋ ದಶಕ ಸುಮ್ಮನೆ ಕೂತಿದ್ದು ಒಂದು ಕಿಡಿಗೆ ಎದ್ದೇಳಬಲ್ಲದು. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಮದ್ದು ಜಡಿಯುವ ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಗಜದ ತುದಿ ಕೇಪು ಕೂರುವ ಜಾಗಕ್ಕೆ ಸಮ ಬಂದರೆ ಖಾಲಿ. ನಾಲ್ಕು ಬೆರಳು ಇತ್ತಲೇ ನಿಂತರೆ ಒಳಗೆ ಯಾರೋ ಯಾವ ಕಾಲದಲ್ಲೋ ತುಂಬಿದ ಈಡು ಕೂತಿದೆ. ಅಲ್ಲಿಗೆ ಬೆಲೆಯ ಮಾತು ನಿಲ್ಲಿಸಿ, ಲೈಸೆನ್ಸು ಇರುವ ಕೋವಿ ರಿಪೇರಿಯವರ ಹತ್ತಿರ ಕಳಿಸುವುದು. ತಾನೇ ಬಿಡಿಸುತ್ತೇನೆ ಎನ್ನುವ ಧೀರರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಚಹಾ ತರಲು ಕಳಿಸಿ.

ಖಾಲಿ ಎಂದು ಖಾತ್ರಿಯಾದ ಮೇಲೆ ನಳಿಗೆಯ ಒಳಗಿನ ಆರೋಗ್ಯ. ನನ್ನ ಪ್ರಕಾರ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ತೀರ್ಮಾನವಾಗಬೇಕು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಗೆ ಗಾಳಿಯ ತೇವ ಹೀರುವ ಗುಣವಿದೆ. ಒಂದು ಈಡು ಹೊಡೆದು ತೊಳೆಯದೆ ಮೂಲೆಗೆ ಒರಗಿಸಿದರೆ ಸಾಕು, ಬಯಲುಸೀಮೆಯಲ್ಲಾದರೂ ತುಕ್ಕು ಹಿಡಿಯುತ್ತದೆ. ಇನ್ನು ನಮ್ಮ ಆಷಾಢದ ಗಾಳಿಯ ಬಗ್ಗೆ ಕೇಳುವುದೇ ಬೇಡ, ಇಲ್ಲಿ ಉಪ್ಪಿನ ಭರಣಿಯೂ ಬೆವರುತ್ತದೆ. ಗಜದ ತುದಿಗೆ ಎಣ್ಣೆಬಟ್ಟೆ ಸುತ್ತಿ ನಿಧಾನ ಇಳಿಸಿ ಎಳೆಯಿರಿ. ಬಟ್ಟೆ ಕಪ್ಪಾಗಿ ಬಂದರೆ ಹಳೆ ಮಸಿ, ಪರವಾಗಿಲ್ಲ. ಕೆಮ್ಮಣ್ಣಿನ ಬಣ್ಣ ಬಂದರೆ ತುಕ್ಕು. ಗಜ ಅಲ್ಲಲ್ಲಿ ತಡೆದು ತಡೆದು ಹೋದರೆ ತುಕ್ಕು ಕಬ್ಬಿಣವನ್ನು ತಿಂದು ಗುಂಡಿ ಮಾಡಿದೆ ಅಂತ ಅರ್ಥ. ಅದನ್ನು ಯಾವ ಎಣ್ಣೆಯೂ ತುಂಬಿಸುವುದಿಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ. ಯಜಮಾನರನ್ನು ಬಿಟ್ಟು ಒಳಗಿನ ಅಜ್ಜಿಯನ್ನು ಮಾತಾಡಿಸುವುದು. ಕೋವಿ ಹೊಡೆದ ದಿನವೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು ಎನ್ನುವುದು ಇದರ ಮೊದಲ ಪಾಠ. "ಅವರು ಶಿಕಾರಿ ಮುಗಿಸಿ ಬಂದರೆ ನಮಗೆ ಸ್ನಾನಕ್ಕೆ ಹಂಡೆಯಲ್ಲಿ ನೀರೇ ಉಳೀತಿರಲಿಲ್ಲ, ಎಲ್ಲ ಆ ಹಾಳು ಕೋವಿಗೆ" ಎಂದು ಅಜ್ಜಿ ಬೈದರೆ ಕಣ್ಣು ಮುಚ್ಚಿ ಒಂದು ಮೆಟ್ಟಿಲು ಬೆಲೆ ಏರಿಸಬಹುದು. ಇಷ್ಟು ಪ್ರಾಮಾಣಿಕ ಸರ್ಟಿಫಿಕೇಟು ಬರ್ಮಿಂಗ್‌ಹ್ಯಾಮಿನಲ್ಲೂ ಸಿಗುವುದಿಲ್ಲ. ಅಲ್ಲಿ 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಮಾಡಿಯೇ ನಳಿಗೆಗಳನ್ನು ಪರೀಕ್ಷಿಸುವ ಮನೆ ಕಟ್ಟಿಸಿದರು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹೊಡೆದು, ಒಡೆಯದೆ ಉಳಿದ ನಳಿಗೆಗೆ ಮುದ್ರೆ ಒತ್ತುವ ಪದ್ಧತಿ. ಆದರೆ ಆ ಮುದ್ರೆ ಹೇಳುವುದು ಹುಟ್ಟಿದ ದಿನದ ಆರೋಗ್ಯವನ್ನು. ಆಮೇಲಿನ ಮಳೆಗಾಲಗಳ ಲೆಕ್ಕ ಇರುವುದು ಅಜ್ಜಿಯ ಹತ್ತಿರ.

ನಳಿಗೆಯನ್ನು ಬೆಳಕಿಗೆ ಹಿಡಿದು ಹೊರಮೈಯ ಉದ್ದಕ್ಕೂ ಕಣ್ಣು ಹಾಯಿಸಿ. ಹೊಳಪಿನ ಗೆರೆ ನೇರವಾಗಿ ಓಡಬೇಕು. ಒಂದೆಡೆ ಬಳುಕಿದರೆ ಅಲ್ಲಿ ನಳಿಗೆ ಉಬ್ಬಿದೆ. ಯಾರೋ ಅವಸರದವರು ಗುಂಡನ್ನು ಮದ್ದಿನವರೆಗೆ ಜಡಿಯದೆ ನಡುವೆ ಜಾಗ ಬಿಟ್ಟು ಹೊಡೆದಿರುತ್ತಾರೆ. ಅಂಥದ್ದಕ್ಕೆ ಗೋಡೆಯೇ ಗತಿ.

ಇನ್ನು ಕುದುರೆ. ಅರ್ಧಕ್ಕೆ ಎಳೆದು ನಿಲ್ಲಿಸಿದಾಗ ಟ್ರಿಗರ್ ಒತ್ತಿದರೂ ಬೀಳಬಾರದು. ಪೂರ್ತಿ ಎಳೆದು ಹೆಬ್ಬೆರಳಿನಿಂದ ಹಿಂದಿನಿಂದ ದೂಡಿದರೂ ಜಾರಬಾರದು. ಇಷ್ಟು ನೋಡಿದರೆ ಒಳಗಿನ ಸ್ಪ್ರಿಂಗು, ಹಲ್ಲುಗಳ ಕಥೆ ಗೊತ್ತಾಯಿತು. ಮೇಲೆ ಕೇಪು ಕೂರುವ ಪುಟ್ಟ ಮೊಳೆಯ ತಲೆ ನೋಡಲು ಮರೆಯಬೇಡಿ. ಕೇಪಿಲ್ಲದೆ ಕುದುರೆ ಬಿಟ್ಟಷ್ಟೂ ಅದರ ತಲೆ ಚಪ್ಪಟೆಯಾಗುತ್ತದೆ. ಕೋವಿ ಎಷ್ಟು ಈಡು ಹೊಡೆದಿದೆ ಎಂದು ಅದರಿಂದ ತಿಳಿಯುವುದಿಲ್ಲ, ಮನೆಗೆ ಎಷ್ಟು ನೆಂಟರು ಬಂದಿದ್ದರು ಎಂದು ತಿಳಿಯುತ್ತದೆ. ಮದುವೆ, ಉಪನಯನ, ತಿಥಿ, ಯಾವುದಕ್ಕೆ ಬಂದ ಗಂಡಸೂ ಗೋಡೆಯ ಕೋವಿ ಇಳಿಸಿ, ಒಂದು ಕಣ್ಣು ಮುಚ್ಚಿ, 'ಟಕ್' ಎನ್ನಿಸದೆ ಊಟಕ್ಕೆ ಕೂತ ಚರಿತ್ರೆ ಇಲ್ಲ. ನಾವು ನೋಡಿದ ಕೋವಿಯ ಮೊಳೆ ಅಣಬೆಯಾಗಿಹೋಗಿತ್ತು. ಬಹಳ ದೊಡ್ಡ ಮನೆತನ. ಮೊಳೆ ಬದಲಿಸಬಹುದು, ಅದರ ಖರ್ಚು ಬೆಲೆಯಲ್ಲಿ ಇಳಿಯಬೇಕು ಅಂದೆ. ಭಾವ ನನ್ನ ಕಾಲು ತುಳಿದರು. ಎದುರಿನವರಿಗೆ ಬೇಜಾರಾಗುತ್ತದಂತೆ.

ಕೇಪಿನ ಕಥೆಯೇ ಒಂದು ತಮಾಷೆ. ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ ಇದ್ದರು. ಆಗ ಇದ್ದದ್ದು ಚಕಮಕಿ ಕೋವಿ. ಕಲ್ಲು ಬಡಿದು ರಂಜಕದ ಮದ್ದು ಭಗ್ಗೆಂದ ಬೆಳಕಿಗೆ, ಒಳಗಿನ ಈಡು ಹೊರಡುವಷ್ಟರಲ್ಲಿ ಹಕ್ಕಿ ಹಾರಿಬಿಡುತ್ತಿತ್ತು. ಬೇಸತ್ತ ಪಾದ್ರಿಗಳು ಪೆಟ್ಟು ಬಿದ್ದರೇ ಸಿಡಿಯುವ ರಾಸಾಯನಿಕವನ್ನು ಬಳಸಿ ಹೊಸ ಉಪಾಯ ಹೂಡಿ 1807ರಲ್ಲಿ ಪೇಟೆಂಟು ಪಡೆದರು. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಗಿ, ಕೇಪಾಗಿ, ನಮ್ಮ ಅಡಿಕೆ ತೋಟದವರೆಗೂ ಬಂತು. ಬಂದ ಮೇಲೆ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿಗೆ ಮಾರ್ಪಡಿಸಿದರು. ಅಂಥದ್ದರಲ್ಲಿ ಕುದುರೆಯ ಪಕ್ಕದ ತಗಡಿನಲ್ಲಿ ಹಳೆಯ ತಿರುಪುಗಳ ತೂತು ಮುಚ್ಚಿದ ಗುರುತು ಕಾಣುತ್ತದೆ. ಮಾರುವವರು ಅದನ್ನು ಹುಲಿಯ ಹಲ್ಲಿನ ಗುರುತು ಎಂದು ತೋರಿಸಿದರೆ ಆಶ್ಚರ್ಯಪಡಬೇಡಿ.

ಅಷ್ಟರಲ್ಲಿ ಯಜಮಾನರು ತುರುಪು ಎಲೆ ಬಿಟ್ಟರು. "ಇದು ಬರೀ ಕೋವಿ ಅಲ್ಲ ಮಾರಾಯ್ರೇ, ರೈಫಲ್ಲು. ಎನ್‌ಫೀಲ್ಡು. 1857ರದ್ದು." ತಗಡಿನ ಮೇಲೆ ಒಂದು ಕಿರೀಟವೂ ಟವರ್ ಎಂಬ ಅಕ್ಷರವೂ ಇದ್ದದ್ದು ನಿಜ. ಆ ಕಿರೀಟವನ್ನು ಕೆತ್ತುವುದಕ್ಕೆ ಲಂಡನ್ನಿಗೇ ಹೋಗಬೇಕೆಂದಿಲ್ಲ. ನಕಲು ಟವರ್‌ಗಳು ಖೈಬರ್ ಕಡೆಯಿಂದ ಗಾಡಿಗಟ್ಟಲೆ ಬಂದಿವೆ. ರೈಫಲ್ಲಾದರೆ ನಳಿಗೆಯೊಳಗೆ ಸುರುಳಿ ಗೀರು ಇರಬೇಕು, 1853ರ ಮಾದರಿಯ ಎನ್‌ಫೀಲ್ಡಿನಲ್ಲಿ ಮೂರು. ಕಿರುಬೆರಳು ಹಾಕಿ ಸವರಿದೆ, ಒಳಗೆ ನುಣುಪು. ಭಾವನ ಮುಖ ಬಾಡಿತು. ಯಜಮಾನರಿಗೆ ಸಮಾಧಾನ ಹೇಳಲು ನನ್ನ ಹತ್ತಿರ ಒಂದು ಮಾತಿತ್ತು, ಹೇಳಲಿಲ್ಲ. 1857ರ ದಂಗೆಯ ಮೇಲೆ ಬ್ರಿಟಿಷರು ಹೆದರಿ, ನೋಡಲು ಎನ್‌ಫೀಲ್ಡೇ ಆಗಿದ್ದರೂ ಒಳಗೆ ಗೀರಿಲ್ಲದ ಕೋವಿಗಳನ್ನು ನಮ್ಮ ಸಿಪಾಯಿಗಳ ಕೈಗೆ ಕೊಟ್ಟರು. ಹೇಳಿದ್ದರೆ "ಅದೇ ಇದು!" ಎಂದು ಬೆಲೆ ದುಪ್ಪಟ್ಟಾಗುತ್ತಿತ್ತು.

ಇಲ್ಲೊಂದು ಗಣಿತ ಬಿಡಿಸಿ ಹೇಳಬೇಕು. ಹೊಡೆಯುವ ಕೋವಿಗೆ ಒಂದು ಬೆಲೆ, ಗೋಡೆಯ ಕೋವಿಗೆ ಒಂದು ಬೆಲೆ. ಮಾರುವವರು ಎರಡನ್ನೂ ಕೂಡಿಸಿ ಕೇಳುತ್ತಾರೆ. ರಿಪೇರಿ ಮಾಡಿದರೂ ಹೊಡೆಯಲಾಗದ, ಪುರಾತನ ಎನಿಸಿದ ಕೋವಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಆಗ ಅದು ಹಂದಿ ಓಡಿಸುವುದಿಲ್ಲ. ನೂರು ವರ್ಷ ದಾಟಿದ ವಸ್ತುವಾದರೆ 1972ರದ್ದೇ ಇನ್ನೊಂದು ಕಾಯ್ದೆ, ಪುರಾತನ ವಸ್ತುಗಳದ್ದು, ಬಂದು ಪಕ್ಕದಲ್ಲಿ ಕೂರುತ್ತದೆ, ದೇಶದಾಚೆ ಸಾಗಿಸುವಂತಿಲ್ಲ. ಆ ವರ್ಷ ಹುಲಿಗೂ ಕೋವಿಗೂ ಒಟ್ಟಿಗೆ ರಕ್ಷಣೆ ಸಿಕ್ಕಿತು ನೋಡಿ. ಹೊಡೆಯುತ್ತದೆಯೋ ಹೊಡೆಯುವುದಿಲ್ಲವೋ, ಎರಡರಲ್ಲಿ ಒಂದು ಹೇಳಿ ಅಂದರೆ ಯಜಮಾನರು, "ಹೊಡೀತದೆ, ಆದರೆ ಪುರಾತನ" ಅಂದರು. ಭಾವ ತಲೆದೂಗಿದರು.

ಮರದ ಹಿಡಿಯ ವಿಷಯ ಬೇಗ ಮುಗಿಸುತ್ತೇನೆ. ಬೀಳುವ ಕೋವಿ ಬಿರುಕು ಬಿಡುವುದು ಕೈ ಹಿಡಿಯುವ ಸಣ್ಣ ಜಾಗದಲ್ಲಿ. ಅಲ್ಲಿ ತಾಮ್ರದ ತಂತಿ ಅಂದವಾಗಿ ಸುತ್ತಿದ್ದರೆ ಅದು ಅಲಂಕಾರವಲ್ಲ, ಬ್ಯಾಂಡೇಜು. ಹೊಸ ವಾರ್ನಿಶ್ ವಾಸನೆ ಬಂದರೆ ಇನ್ನೂ ಹತ್ತಿರದಿಂದ ನೋಡಿ. ಮಾರುವ ಮೊದಲು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಹೊಳಪು ಬರಿಸುವ ಚಟ ಇದೆಯಲ್ಲ, ಅದರಿಂದ ಹಳತಿನ ಬೆಲೆ ಇಳಿಯುತ್ತದೆ. ಉಜ್ಜುತ್ತ ಉಜ್ಜುತ್ತ ನಳಿಗೆಯ ಮೇಲಿನ ನಂಬರನ್ನೇ ಅಳಿಸಿಬಿಟ್ಟರೆ ಬೆಲೆ ಇಳಿಯುವುದಲ್ಲ, ವ್ಯಾಪಾರವೇ ಇಲ್ಲ. ಗುರುತಿನ ಸಂಖ್ಯೆಯಿಲ್ಲದ ಕೋವಿ ಮಾರುವುದು ಅಪರಾಧ. ಲೈಸೆನ್ಸು ಪುಸ್ತಕದ ಸಂಖ್ಯೆಗೂ ನಳಿಗೆಯ ಸಂಖ್ಯೆಗೂ ಅಕ್ಷರ ಅಕ್ಷರ ತಾಳೆಯಾಗದಿದ್ದರೆ ಕಾಫಿ ಕುಡಿದು ಎದ್ದು ಬರುವುದು ಕ್ಷೇಮ. ಆಯುಧಪೂಜೆಯ ಕುಂಕುಮ ಮೆತ್ತಿದ ಜಾಗವನ್ನು ಮಾತ್ರ ಒರೆಸಿ ನೋಡಲು ಸಂಕೋಚಪಡಬೇಡಿ. ದೇವರ ಮೇಲೆ ಭಕ್ತಿ ಇರಲಿ, ಅದರಡಿಯ ತುಕ್ಕಿನ ಮೇಲೆ ಬೇಡ.

ಎಷ್ಟು ಹಳತು ಎನ್ನುವುದಕ್ಕಿಂತ ಎಷ್ಟು ಚುನಾವಣೆ ಕಂಡಿದೆ ಎಂದು ಕೇಳುವುದು ನನ್ನ ಪದ್ಧತಿ. ಲೋಕಸಭೆ, ವಿಧಾನಸಭೆ, ಪಂಚಾಯಿತಿ, ಯಾವುದು ಘೋಷಣೆಯಾದರೂ ರೈತರ ಕೋವಿಗಳು ಸಾಲಾಗಿ ಠಾಣೆ ಸೇರುತ್ತವೆ. ಫಲಿತಾಂಶ ಬಂದ ಮೇಲೆ ಮರಳುತ್ತವೆ. ಅಷ್ಟು ದಿನ ಅವುಗಳಿಗೆ ಎಣ್ಣೆ ಹಾಕುವ ಅಜ್ಜ ಅಲ್ಲಿಲ್ಲ. ಗೆದ್ದವರು ಯಾರೇ ಆಗಲಿ, ತುಕ್ಕಿಗೆ ಮಾತ್ರ ಪ್ರತಿ ಸಲವೂ ಬಹುಮತ.

ಕೊಡಗಿಗೆ ಹೋದರೆ ಅಗ್ಗಕ್ಕೆ ಸಿಗಬಹುದೇ ಎಂದು ಭಾವ ಕೇಳಿದ್ದುಂಟು. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಆದೇಶ 2029ರವರೆಗೆ. ಹಾಗಂತ ಅಲ್ಲಿ ಕೋವಿ ರಾಶಿ ಬಿದ್ದಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಕೈಲ್‌ಪೊಳ್ದು ಹಬ್ಬದ ದಿನ ಕೋವಿಯನ್ನು ತೊಳೆದು ಒರೆಸಿ, ತೋಕ್ ಪೂವು ಎಂಬ ಹೂ ಸಿಕ್ಕಿಸಿ ಪೂಜೆ. ಅಂಥ ಮನೆಗೆ ಹೋಗಿ "ಇದಕ್ಕೆಷ್ಟು?" ಅಂತ ಕೇಳಿದರೆ ಮೂರನೆಯ ಈಡು ಯಾವ ಲೆಕ್ಕಕ್ಕೆ ಅಂತ ನಾನು ಹೇಳಲಾರೆ. ಭಾವ ಆ ಯೋಚನೆ ಬಿಟ್ಟರು.

ಅಂತೂ ಬೆಲೆಗೆ ಬಂದೆವು. ನನ್ನ ಲೆಕ್ಕ ಸರಳ. ಹೊಸ ಒಂಟಿ ನಳಿಗೆಯ ಕೇಪಿನ ಕೋವಿಗೆ ಅಂಗಡಿಯಲ್ಲಿ ಎಷ್ಟೋ ಅದನ್ನು ಮೇಲೆ ಬರೆಯಿರಿ. ನಳಿಗೆ ಆರೋಗ್ಯವಾಗಿದ್ದು, ಕುದುರೆ ಗಟ್ಟಿಯಿದ್ದರೆ ಅದರ ಅರ್ಧ. ಅದರಲ್ಲಿ ಮೊಳೆ, ಸ್ಪ್ರಿಂಗು, ಹಿಡಿಯ ಖರ್ಚು ಕಳೆಯಿರಿ. ರಿಪೇರಿಗೂ ಲೈಸೆನ್ಸು ಇದ್ದವರೇ ಬೇಕು, ಊರಿನ ಕುಲುಮೆಯಲ್ಲಿ ಮಾಡಿಸುವಂತಿಲ್ಲ, ಹಾಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಬಸ್ ಚಾರ್ಜನ್ನೂ ಕಳೆಯಿರಿ. ಬಸ್ ಚಾರ್ಜ್ ಎಂದಾಗ ಯಜಮಾನರಿಗೆ ನಗು ಬಂತು, ಭಾವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಬೆಂಗಳೂರಿನ ಮಗನ ಫೋನು. ಅವರು ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಬೆಲೆ ನೋಡಿ, ಡಾಲರಿನಿಂದ ಗುಣಿಸಿ ಇಟ್ಟುಕೊಂಡಿದ್ದರು. ಆ ದೇಶದಲ್ಲಿ 1968ರ ಬಂದೂಕು ನಿಯಂತ್ರಣ ಕಾಯ್ದೆಯೇ ಬಾಯಿಯಿಂದ ಮದ್ದು ತುಂಬುವ ಈ ಜಾತಿಯನ್ನು ಬಹುಪಾಲು ಬಂದೂಕುಗಳ ಲೆಕ್ಕದಿಂದಲೇ ಹೊರಗಿಟ್ಟಿದೆ. ಎಷ್ಟೋ ಕಡೆ ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಕೊಳ್ಳುವವರು ಲಕ್ಷಗಟ್ಟಲೆ ಇದ್ದಲ್ಲಿನ ಬೆಲೆ, ಕೊಳ್ಳುವವರು ಭಾವ ಒಬ್ಬರೇ ಇರುವಲ್ಲಿ ಹೇಗೆ ನಡೆದೀತು? ಇದನ್ನು ನಾನು ಫೋನಿನಲ್ಲಿ ವಿವರಿಸಿದೆ. "ಅಂಕಲ್, ಹುಲಿ ಹೊಡೆದದ್ದು ಅಂತ ಅಪ್ಪ ಹೇಳಿದ್ರಾ?" ಅಂದರು ಅವರು.

ಮಾತು ಕುದುರಿದ ಮೇಲೂ ಮುಗಿಯುವುದಿಲ್ಲ. ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ ಕನಿಷ್ಠ 45 ದಿನ ಕಾಯಬೇಕು. ಆ 45 ದಿನದಲ್ಲಿ ಕೋವಿಗೆ ತುಕ್ಕು ಬೆಳೆಯಿತೋ ಗೊತ್ತಿಲ್ಲ, ಹುಲಿ ಮಾತ್ರ ಬೆಳೆಯಿತು. ಕೊನೆಯ ಸಲ ಹೋದಾಗ ಅದು ಮೂಗಿನಿಂದ ಬಾಲದವರೆಗೆ ಜಗಲಿಯಷ್ಟು ಉದ್ದವಾಗಿ, ಜೊತೆಗೆ ಒಂದು ಮರಿಯನ್ನೂ ಪಡೆದಿತ್ತು. ಮರಿಗೆ ಬೇರೆ ಕೇಳಲಿಲ್ಲ, ಅದು ಅವರ ದೊಡ್ಡತನ.

ಕೊನೆಗೆ ಭಾವ ಕೊಟ್ಟದ್ದೆಷ್ಟು? ಅಕ್ಕನಿಗೆ ಹೇಳಿದ್ದು ಒಂದು ಸಂಖ್ಯೆ, ನನಗೆ ಹೇಳಿದ್ದು ಅದಕ್ಕಿಂತ ಸ್ವಲ್ಪ ದೊಡ್ಡದು, ಯಜಮಾನರು ಸಂತೆಯಲ್ಲಿ ಹೇಳಿಕೊಂಡು ತಿರುಗುವುದು ಎರಡನ್ನೂ ನುಂಗುವಂಥದ್ದು. ನ್ಯಾಯವಾದ ಬೆಲೆ ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಅಕ್ಕನ ಮನೆಗೆ ಈ ಪತ್ರಿಕೆ ಹೋಗುತ್ತದೆ.